ತಿರುಗಿ ನೋಡಿದವರ ಮನೆ

ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ಆರುಮುಗಂ ಅವರಿಗೆ ಎಲ್ಲರೂ ಬಹುವಚನ ಕೊಡುತ್ತೇವೆ. ಗೌರವ ಇದೆಯೆಂದಲ್ಲ. ಅವರು ಅದನ್ನು ಮನೆಬಾಡಿಗೆಯ ಹಾಗೆ ತಪ್ಪದೆ ವಸೂಲಿ ಮಾಡುತ್ತಾರೆ, ನಾವು ಜಗಳ ಬೇಡವೆಂದು ಕೊಟ್ಟುಬಿಡುತ್ತೇವೆ. ಒಂದು ಕಾಲಕ್ಕೆ ಪವರ್‌ಲೂಮ್ ಇಟ್ಟಿದ್ದವರು. ಮಗ್ಗಗಳನ್ನು ಹಳೇ ಕಬ್ಬಿಣಕ್ಕೆ ಹಾಕಿ, ಶೆಡ್ಡನ್ನು ಸಾಲುಮನೆಗಳಾಗಿ ಮಾಡಿ, ಈಗ ಬಾಡಿಗೆ ತಿನ್ನುತ್ತ ಜಗಲಿಯ ಮೇಲೆ ಕೂತಿರುತ್ತಾರೆ. ಸೊಪ್ಪಿನವಳ ಹತ್ತಿರ ಕರಿಬೇವು ಬಿಟ್ಟಿ ಕೇಳಿ, ಅವಳು ಕೊಟ್ಟ ಮೇಲೆ "ಬಾಡಿದ್ದನ್ನ ಕೊಟ್ಟಳು ನೋಡು" ಎನ್ನುವ ಮನುಷ್ಯ.

ಅವರ ದೊಡ್ಡಸ್ತಿಕೆಗೆ ಇರುವ ಆಧಾರ ಒಂದೇ. ವಿಜಯದಶಮಿಯ ದಿನ ಚೌಡಮ್ಮನ ಮೆರವಣಿಗೆಯಲ್ಲಿ ಮೊದಲ ಅಲಗು ಅವರ ಮನೆಯದು.

ನಾವು ದೇವಾಂಗದವರು, ನೇಕಾರರು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ಇಲ್ಲಿ ಮಗ್ಗ ಹೂಡಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ತಾಯಿ ಚೌಡಮ್ಮನ ಕಥೆಯನ್ನು ಹಿರಿಯರು ಹೀಗೆ ಹೇಳುತ್ತಾರೆ. "ನೀವು ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ, ತಿರುಗಿ ಮಾತ್ರ ನೋಡಬೇಡಿ" ಎಂದು ತಾಯಿ ತಾನಾಗಿಯೇ ಹೊರಟಳಂತೆ. ಗೆಜ್ಜೆಯ ಸದ್ದು ಕೇಳಿಸಿಕೊಳ್ಳುತ್ತ ನಮ್ಮವರು ನಡೆದರು. ಹೊಳೆ ದಾಟುವಾಗ ನೀರಿನಲ್ಲಿ ಗೆಜ್ಜೆ ಸುಮ್ಮನಾಯಿತು. ನಮ್ಮ ಗಂಡಸರು ತಿರುಗಿ ನೋಡಿಬಿಟ್ಟರು. ಬೆನ್ನ ಹಿಂದೆಯೇ ಇದ್ದ ತಾಯಿ ಅಲ್ಲೇ ನಿಂತುಬಿಟ್ಟಳು. ಅವತ್ತಿನಿಂದ ಎದೆಗೆ ಅಲಗು ಹೊಡೆದುಕೊಂಡು "ತೆಗೆದುಕೋ ತಾಯೇ" ಎಂದು ಬೇಡುವ ಕೆಲಸ ನಮ್ಮ ಗಂಡಸರಿಗೆ ಬಂತು.

ನಮ್ಮ ಬೀದಿಯಲ್ಲಿ ಇದಕ್ಕೊಂದು ಕಟ್ಟಳೆಯೂ ಇದೆ. ಮೊದಲ ಅಲಗು ಹಿಡಿದವನ ಹಿಂದೆ ಅವನ ಮನೆಯ ಹೆಂಗಸು ಕುಂಭ ಹೊತ್ತು ನಡೆಯಬೇಕು. ದೇವಸ್ಥಾನ ಮುಟ್ಟುವ ತನಕ ಅವನು ತಿರುಗಿ ನೋಡಕೂಡದು. ನೋಡಿದರೆ ಅಲಗು ಆ ಮನೆ ಬಿಟ್ಟುಹೋಗುತ್ತದೆ. ಆರುಮುಗಂ ಅವರ ಅಪ್ಪ, ಅಜ್ಜ ಯಾರೂ ನೋಡಿದವರಲ್ಲ. ಆರುಮುಗಂ ಅವರೂ ನೋಡಿರಲಿಲ್ಲ. ಅವರ ಎದೆಯ ಮೇಲೆ ಬೀಳುವ ಗೀರು ಕ್ಷೌರದಂಗಡಿಯಲ್ಲಿ ಕೈ ತಪ್ಪಿದಾಗ ಆಗುವುದಕ್ಕಿಂತ ಚಿಕ್ಕದು. ಅದರ ಮೇಲೆ ಮೆತ್ತುವ ಅರಿಶಿನದ ಭಂಡಾರ ಮಾತ್ರ ಒಂದು ಮದುವೆಯ ಅಡುಗೆಗೆ ಸಾಕಾಗುವಷ್ಟು. ಆಮೇಲೆ ವರ್ಷವಿಡೀ ಒಂದೇ ಮಾತು: "ಆ ತಾಯಿ ಬರೋದು ನನ್ನ ರಕ್ತಕ್ಕೆ."

ಈ ಸಲ ನವರಾತ್ರಿ ಬರುವ ಪುರಟ್ಟಾಸಿ ತಿಂಗಳು ಹುಟ್ಟಿದ ಮೊದಲ ಭಾನುವಾರ ಆ ಮನೆಯಲ್ಲಿ ಜಗಳ ಶುರುವಾಯಿತು. ಆರುಮುಗಂ ಪೇಪರ್ ಓದುತ್ತ ಜಗಲಿಯಲ್ಲಿದ್ದರು. ಸೊಸೆ ಈಶ್ವರಿ ಎದ್ದಳೇ, ಅಡುಗೆಮನೆಯಲ್ಲಿದ್ದಾಳೆಯೇ, ನಲ್ಲಿಯ ಹತ್ತಿರ ಯಾರ ಜೊತೆಗಾದರೂ ನಿಂತಿದ್ದಾಳೆಯೇ ಎಂಬುದನ್ನೆಲ್ಲ ಅವರು ಅವಳ ಕಾಲಿನ ಕೊಲುಸಿನ ಗೆಜ್ಜೆಸದ್ದಿನಿಂದಲೇ ತಿಳಿದುಕೊಳ್ಳುವವರು. ಅವತ್ತು ಗೇಟಿನ ಸದ್ದು ಕೇಳಿತು, ಕೊಲುಸಿನ ಸದ್ದು ಕೇಳಲಿಲ್ಲ. ಎದ್ದು ಒಳಗೆ ಹೋಗಿ ನೋಡಿದರೆ ಬೆಳ್ಳಿ ಕೊಲುಸು ಎರಡೂ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದವು.

ಈಶ್ವರಿ ನುಗ್ಗೆಸೊಪ್ಪಿನ ಚೀಲ ಹಿಡಿದು ಮಧ್ಯಾಹ್ನಕ್ಕೆ ಬಂದಾಗ ಅವರು ಕೊಲುಸನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಎಲ್ಲಿ ಹೋಗಿದ್ದೆ?"

"ಜೆಬಕ್ಕೆ ಮಾವ."

"ಯಾವ ಜೆಬ?"

"ಕೆರೆ ಆಚೆ ತಗಡಿನ ಜೆಬಮನೆ ಇದೆಯಲ್ಲ, ಅಲ್ಲಿಗೆ. ಯೇಸುಸಾಮಿ ಜೆಬ, ಪ್ರಾರ್ಥನೆ."

ಆರುಮುಗಂ ಅವರು ಅವಳು ಸುಳ್ಳು ಹೇಳುತ್ತಾಳೆಂದು ಕಾದಿದ್ದರು. ನಿಜ ಹೇಳಿದ್ದರಿಂದ ಕೊಲುಸನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಎಷ್ಟು ದಿನದಿಂದ ಹೋಗ್ತಿದೀಯ?"

"ಹೋದ ನೋಂಬಿ ಆದಾಗಿಂದ. ಸೊಪ್ಪಿಗೆ ಹೋದೆ ಅಂದ್ಕೊಂಡಿದ್ರಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊಲುಸು ಕೊಡಿ, ಒಲೆ ಹಚ್ಚಬೇಕು."

"ಕುಮರೇಶಾ!" ಎಂದು ಅವರು ಮಗನನ್ನು ಕೂಗಿದರು. ಕುಮರೇಶನ್ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅಲ್ಲಿ ಇನ್ನೂರು ಹುಡುಗಿಯರ ಮೇಲೆ ಕೂಗಾಡುವ ಗಂಡಸು, ಇಲ್ಲಿ ಅಪ್ಪನ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ.

"ನಿನಗೆ ಗೊತ್ತಿತ್ತಾ?"

"ಪೂರ್ತಿ ಗೊತ್ತಿರಲಿಲ್ಲಪ್ಪ," ಎಂದ ಕುಮರೇಶನ್. ಹೆಂಡತಿಯ ಕಡೆ ತಿರುಗಿ, "ಊಟಕ್ಕೆ ಏನು?" ಎಂದ.

ಹೋದ ವರ್ಷದ ನೋಂಬಿಯಲ್ಲಿ, ಅಂದರೆ ಈ ಚೌಡಮ್ಮನ ಹಬ್ಬದಲ್ಲಿ, ಆದದ್ದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೇಳುವುದಕ್ಕೆ ನನಗೆ ಅಸಹ್ಯವಾಗುತ್ತದೆ, ಆದರೂ ಹೇಳುತ್ತೇನೆ. ಹಬ್ಬಕ್ಕೆ ಸ್ವಲ್ಪ ಮುಂಚೆ ತವರೂರು ಕಿಣತ್ತುಕಡವಿನಲ್ಲಿ ಈಶ್ವರಿಯ ತಾಯಿ ತೀರಿಕೊಂಡರು. ಅವಳ ಅಣ್ಣ ಫೋನ್ ಮಾಡಿದ್ದು ಆರುಮುಗಂ ಅವರಿಗೆ. ಮಗಳಿಗೆ ಸೂತಕ ಬಂದರೆ ಅವಳು ಕುಂಭ ಹೊರುವ ಹಾಗಿಲ್ಲ, ಕುಂಭವಿಲ್ಲದ ಮನೆಗೆ ಆ ವರ್ಷ ಅಲಗಿಲ್ಲ. ಆರುಮುಗಂ ಕ್ಷಣ ಕೂಡ ಯೋಚಿಸಲಿಲ್ಲ. "ಅವಳಿಗೆ ಮೈ ಸರಿಯಿಲ್ಲ, ಬರೋದಿಲ್ಲ, ನೀವು ಆಗೋದು ಮಾಡಿ" ಎಂದರು. ಈಶ್ವರಿಯ ಫೋನನ್ನು ರಿಪೇರಿಗೆ ಕೊಡುತ್ತೇನೆಂದು ಇಸಿದುಕೊಂಡು ಬೀರುವಿನಲ್ಲಿಟ್ಟರು. ಆ ಹೆಣ್ಣು ಕುಂಭ ಹೊತ್ತಳು, ವಡೆ ಪಾಯಸ ಮಾಡಿ ನೆಂಟರಿಗೆಲ್ಲ ಬಡಿಸಿದಳು. ಪಾತ್ರೆ ತಿಕ್ಕುತ್ತಿರುವಾಗ ಕುಮರೇಶನ್ ಹಿಂದೆ ನಿಂತು, "ನಿಮ್ಮಮ್ಮ ಹೋಗಿಬಿಟ್ಟರಂತೆ" ಎಂದ. ಅವನಿಗೂ ಮೊದಲೇ ಗೊತ್ತಿತ್ತು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಕುಡಿದಿದ್ದ. ಅವಳು ಬಸ್ಸು ಹತ್ತಿ ಕಿಣತ್ತುಕಡವು ಸೇರುವ ಹೊತ್ತಿಗೆ ಬೂದಿಯೂ ನೀರಿಗೆ ಹೋಗಿತ್ತು. ಗೊತ್ತಿಲ್ಲದಿದ್ದರೆ ಸೂತಕವೇ ಅಲ್ಲ ಎಂಬ ಹೊಸ ಶಾಸ್ತ್ರವನ್ನು ಆರುಮುಗಂ ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ಅವಳು ವಾಪಸು ಬಂದ ದಿನ ಸಾಲುಮನೆಯಲ್ಲಿ ಬಾಡಿಗೆಗಿರುವ ರಾಮಾಯಿ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು, ಏನೂ ಕೇಳದೆ ಕೂತಿದ್ದಳು. ಆ ಭಾನುವಾರ ಈಶ್ವರಿ ರಾಮಾಯಿಯ ಜೊತೆ ಕೆರೆಯ ಆಚೆಗೆ ಹೋದಳು.

ಆ ಮನೆಯಲ್ಲಿ ಈ ಸುಳ್ಳು ಗೊತ್ತಿರದಿದ್ದವರು ಇನ್ನೊಬ್ಬರು, ಆರುಮುಗಂ ಅವರ ತಾಯಿ ಪೆರಿಯನಾಯಕಿ. ತಿಳಿದ ಮೇಲೆ ಮುದುಕಿ ಮಗನ ಹತ್ತಿರ ಮಾತು ಕಡಿಮೆ ಮಾಡಿದರು. ಮೊಣಕಾಲು ಹೋಗಿದೆ, ನಾಲಿಗೆ ಹೋಗಿಲ್ಲ.

ಆರುಮುಗಂ ಅವರು ಅವತ್ತು, "ಇವಳ ಕೈಯಡುಗೆ ನಾನು ಮುಟ್ಟೋದಿಲ್ಲ" ಎಂದು ಘೋಷಿಸಿದರು. ಮಧ್ಯಾಹ್ನ ಹೋಟೆಲಿಗೆ ಹೋಗಿ ಎರಡು ಪರೋಟ ತಿಂದು, ಬೆಲೆ ಕೇಳಿ ಅಲ್ಲೇ ಜಗಳವಾಡಿ ಬಂದರು. ಸಂಜೆ ಈಶ್ವರಿ ನುಗ್ಗೆಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಹಾಕಿದಾಗ ಪರಿಮಳ ಜಗಲಿಗೆ ಬಂತು. ತಟ್ಟೆ ಹಾಕಿದ ಸದ್ದಿಗೆ ಅವರ ಪ್ರತಿಜ್ಞೆ ಮುಗಿಯಿತು. ಮೊಮ್ಮಗಳು ಕೃತ್ತಿಕಾ ಕಾಲೇಜಿನ ಹುಡುಗಿ, ಬಾಯಿ ಸುಮ್ಮನಿರುವುದಿಲ್ಲ.

"ತಾತ, ಮುಟ್ಟಲ್ಲ ಅಂದ್ರಲ್ಲ?"

"ಅನ್ನಕ್ಕೆ ಏನ್ ದೋಷ? ಅಕ್ಕಿ ನನ್ನದು."

"ಹಾಗಾದ್ರೆ ಅಕ್ಕಿನೇ ತಿನ್ನಿ."

"ಕೃತ್ತಿಕಾ, ಸಾಕು," ಎಂದಳು ಈಶ್ವರಿ, ಮಾವನ ತಟ್ಟೆಗೆ ಪಲ್ಯ ಹಾಕುತ್ತ. ಅವರು ಇನ್ನೊಂದು ಸಲ ಹಾಕಿಸಿಕೊಂಡರು.

ಮಾರನೆಯ ದಿನ ಪೆರಿಯನಾಯಕಿ ಅಡುಗೆಮನೆಯ ಬಾಗಿಲಿಗೆ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು. "ಅಲ್ಲಿ ಏನ್ ಹೇಳ್ತಾರಮ್ಮ ನಿನಗೆ?"

"ಬೈಬಲ್ ಕಥೆ ಹೇಳ್ತಾರಜ್ಜಿ. ಆಬ್ರಹಾಂ ಅಂತ ಒಬ್ಬ ಮುದುಕ. ಮಕ್ಕಳಿಲ್ಲ. ಅವನು ಕರೀಲೂ ಇಲ್ಲ, ದೇವರೇ ಬಂದು ಮಾತಾಡಿದ್ರಂತೆ. ಹೊರಗೆ ಕರಕೊಂಡು ಹೋಗಿ ನಕ್ಷತ್ರ ತೋರಿಸಿ, ನಿನಗೆ ಇಷ್ಟು ಸಂತಾನ ಆಗ್ತದೆ ಅಂದ್ರಂತೆ."

"ಅವನು ಏನ್ ಕೊಟ್ಟ ಅದಕ್ಕೆ?"

"ಏನೂ ಇಲ್ಲ. ನಂಬಿದ. ಅದೇ ಸಾಕು ಅಂದ್ರಂತೆ."

"ಅಷ್ಟೇನಾ?"

"ಆಮೇಲೆ ಕರಾರು ಆಯ್ತು. ಆ ಕಾಲದಲ್ಲಿ ಕರಾರು ಅಂದ್ರೆ ಹಸು, ಆಡು, ಟಗರು ಎಲ್ಲ ಹೋಳು ಮಾಡಿ ಎದುರುಬದುರು ಇಡಬೇಕು. ಅದರ ನಡುವೆ ನಡೀಬೇಕು. ಮಾತು ತಪ್ಪಿದ್ರೆ ನನಗೂ ಇದೇ ಗತಿ ಆಗಲಿ ಅಂತ. ಹೊತ್ತು ಮುಳುಗೋವಾಗ ಆ ಮುದುಕನಿಗೆ ನಿದ್ದೆ ಬಂದುಬಿಡ್ತು. ದೇವರೊಬ್ಬರೇ ಬೆಂಕಿ ಆಗಿ ನಡುವೆ ನಡೆದು ಹೋದ್ರಂತೆ."

"ಮುದುಕ ನಡೀಲಿಲ್ವಾ?"

"ಇಲ್ಲಜ್ಜಿ, ಮಲಗಿದ್ದ."

ಪೆರಿಯನಾಯಕಿ ಬೆಳ್ಳುಳ್ಳಿ ಬಿಟ್ಟು ಬೊಚ್ಚುಬಾಯಿ ತೆರೆದು ನಕ್ಕರು. "ನಮ್ಮ ತಾಯಿನೂ ತಾನಾಗೇ ಬರ್ತೀನಿ ಅಂದವಳೇ. ಯಾರು ಕರೆದಿದ್ರು ಅವಳನ್ನ? ನಮ್ಮ ಗಂಡಸರೂ ಮಲಗಿದ್ದಿದ್ರೆ ಚೆನ್ನಾಗಿರ್ತಿತ್ತು. ಎದ್ದು ನಡೆದು, ತಿರುಗಿ ನೋಡಿ ಕೆಡಿಸಿದ್ರು. ಈಗ ಎದೆ ಕೊಯ್ಕೊಂಡ್ರೆ ಬತ್ತಾಳೆ ಅಂತವ್ರೆ."

"ಮಾವ ಕೊಯ್ಕೊಳಲ್ಲಜ್ಜಿ, ಕೆರ್ಕೊತಾರೆ," ಎಂದಳು ಈಶ್ವರಿ. ಅವಳಿಗೂ ನಾಲಿಗೆಯಿದೆ ಎಂದು ಮನೆಯವರಿಗೆ ಅವತ್ತೇ ಗೊತ್ತಾದದ್ದು.

ಜೆಬಮನೆಗೂ ಸುದ್ದಿ ಹೋಯಿತು. ಮುಂದಿನ ವಾರದ ಮಧ್ಯೆ ಪಾಸ್ಟರ್ ವಸಂತಕುಮಾರ್ ಬೈಕಿನಲ್ಲಿ ಬಂದಿಳಿದರು. ಬಿಳಿ ಷರಟು, ಕೈಯಲ್ಲಿ ಚರ್ಮದ ಚೀಲ. ಮೊದಲು ಮೊಬೈಲ್ ಅಂಗಡಿಯಲ್ಲಿದ್ದವರಂತೆ. ಮಾತು ಈಗಲೂ ಹಾಗೆಯೇ, ಗಿರಾಕಿ ಎದ್ದುಹೋಗದಂತೆ. ಮಾತುಕತೆಯೆಲ್ಲ ತಮಿಳಿನಲ್ಲಿ. ಆರುಮುಗಂ ಅವರು ಒದ್ದು ಓಡಿಸುತ್ತಾರೆಂದು ನಾವೆಲ್ಲ ಜಗಲಿಗೆ ಬಂದು ನಿಂತರೆ, ಅವರು ಕುರ್ಚಿ ಹಾಕಿಸಿದರು. ಒಬ್ಬ ವ್ಯಾಪಾರಿಗೆ ಇನ್ನೊಬ್ಬನನ್ನು ಕಂಡರೆ ಗುರುತು ಸಿಕ್ಕೇ ಸಿಗುತ್ತದೆ.

"ನಿಮ್ಮ ದೇವರು ಏನು ಕೊಡ್ತಾರೆ?" ಎಂದರು ಆರುಮುಗಂ.

"ಆಶೀರ್ವಾದ ಅಯ್ಯಾ. ನೆಮ್ಮದಿ, ಆರೋಗ್ಯ, ಮಗುವಿಗೆ ಒಳ್ಳೆ ಕೆಲಸ. ನಮ್ಮ ಸಭೆಗೆ ಬಂದ ಮೇಲೆ ಒಬ್ಬರು ಮನೆ ಕಟ್ಟಿಸಿದರು."

"ಏನು ಕೇಳ್ತಾರೆ?"

"ಏನೂ ಕೇಳೋದಿಲ್ಲ. ಮೊದಲು ಇವರು ಕುಂಕುಮ ಅಳಿಸಬೇಕು, ಹೂವು ಬಿಡಬೇಕು, ಗೋಡೆ ಮೇಲಿನ ಪಟ ಇಳಿಸಬೇಕು. ಹಬ್ಬದಲ್ಲಿ ಕುಂಭ ಮುಟ್ಟಬಾರದು. ಇಷ್ಟು ಮಾಡಿದರೆ ಆಮೇಲೆ ನೋಡಿ."

"ಅಂದ್ರೆ ಮುಂಗಡ," ಎಂದು ಆರುಮುಗಂ ತಲೆಯಾಡಿಸಿದರು. ಅವರ ಮುಖದಲ್ಲಿ ಮೆಚ್ಚುಗೆಯೇ ಇತ್ತು.

ಕಾಫಿ ತಂದ ಈಶ್ವರಿ ಲೋಟವನ್ನು ಇಬ್ಬರ ನಡುವೆ ಇಟ್ಟಳು. "ಪಾಸ್ಟರ್, ಆಬ್ರಹಾಮನ ಹತ್ತಿರ ಏನೂ ಕೇಳದೆ ಮೊದಲು ಬಂದರು ಅಂತ ನೀವೇ ಹೇಳಿದ್ರಿ."

"ಹೌದಮ್ಮ. ಅದು ಕೃಪೆ."

"ಅವನು ಮಲಗಿರುವಾಗಲೇ ಮಾತು ಕೊಟ್ಟರು ಅಂದ್ರಿ."

"ಹೌದು."

"ಹಾಗಾದ್ರೆ ನನ್ನ ಹತ್ತಿರ ಮಾತ್ರ ಯಾಕೆ ಮುಂಗಡ ಕೇಳ್ತೀರಿ? ನಾನು ಕುಂಕುಮ ಇಟ್ಟುಕೊಂಡೇ ಬಂದವಳು. ಹಾಗೇ ಇರುವಾಗಲೇ ಕರೆದರು. ಈ ಕುಂಭ ಹೊತ್ತರೆ ಕೈ ಬಿಡೋರಾಗಿದ್ರೆ ಮೊದಲೇ ಯಾಕೆ ಕರೀತಿದ್ರು?"

ಪಾಸ್ಟರ್ ಕಾಫಿ ಬಿಸಿಯಿದೆ ಎಂಬಂತೆ ಊದಿದರು. "ಅದಕ್ಕೆಲ್ಲ ಪಾಠ ಇದೆಯಮ್ಮ, ನಿಧಾನವಾಗಿ ತಿಳೀತದೆ," ಎಂದರು. ಬೈಕ್ ಹತ್ತುವಾಗ, "ಆ ದಿನ ಕುಂಭ ಹೊತ್ತರೆ ನಾನು ಸಭೆಗೆ ಏನು ಹೇಳಲಿ?" ಎಂದು ಗೊಣಗಿದ್ದನ್ನು ನಾವೆಲ್ಲ ಕೇಳಿದೆವು. ಅವರಿಗೂ ಒಂದು ಬೀದಿ ಇದೆ, ಆ ಬೀದಿಗೂ ಮೊದಲ ಅಲಗು ಇದೆ.

ನವರಾತ್ರಿ ಹತ್ತಿರ ಬಂತು. ಒಂದು ದಿನ ಊಟದ ಹೊತ್ತಿನಲ್ಲಿ ಆರುಮುಗಂ ಅವರು ಎಲ್ಲರೂ ಕೂತಿರುವಾಗ ತೀರ್ಪು ಕೊಟ್ಟರು.

"ಈಶ್ವರಿ, ಕೇಳು. ನೋಂಬಿ ದಿನ ಕೊಲುಸು ಹಾಕ್ಕೊಂಡು, ಕುಂಭ ಹೊತ್ತು ನನ್ನ ಹಿಂದೆ ಬರಬೇಕು. ಬಂದ್ರೆ ಈ ಮನೇಲಿ ಇರು. ಬರಲಿಲ್ಲ ಅಂದ್ರೆ ಅವತ್ತೇ ಕಿಣತ್ತುಕಡವಿಗೆ ಹೊರಡು."

"ಅಲ್ಲಿ ಯಾರ ಮುಖ ನೋಡಕ್ಕೆ ಹೋಗಬೇಕು ತಾತ?" ಎಂದಳು ಕೃತ್ತಿಕಾ. "ಇದ್ದ ಅಜ್ಜಿ ಸತ್ತಿದ್ದನ್ನೇ ನೀವು ಮುಚ್ಚಿಟ್ರಿ."

ಕುಮರೇಶನ್ ತಟ್ಟೆ ಮುಂದೆ ತಳ್ಳಿ, "ಸ್ವಲ್ಪ ರಸ," ಎಂದ.

"ನೀನೇನಂತೀಯಪ್ಪ?" ಎಂದು ಪೆರಿಯನಾಯಕಿ ಮೊಮ್ಮಗನನ್ನು ಕೇಳಿದರು. "ಹೆಂಡತಿ ನಿನ್ನದು."

"ಅಪ್ಪ ಹೇಳೋದೂ ಸರಿ ಇದೆ. ಇವಳು ಹೇಳೋದೂ ಸರಿ ಇದೆ."

"ರಸ ಹಾಕಮ್ಮ ಅವನಿಗೆ. ಅದೊಂದೇ ಅವನಿಗೆ ಗೊತ್ತಿರೋದು," ಎಂದರು ಮುದುಕಿ.

ಈಶ್ವರಿ ರಸ ಹಾಕಿ, ಸೌಟು ಪಾತ್ರೆಯಲ್ಲಿಟ್ಟು ಹೇಳಿದಳು. "ನಾನು ಎಲ್ಲಿಗೂ ಹೊರಡಲ್ಲ ಮಾವ. ಇದು ನನ್ನ ಮನೆ. ಇಪ್ಪತ್ತು ವರ್ಷ ಒಲೆ ಹಚ್ಚಿದೀನಿ. ಅಜ್ಜಿಗೆ ಕಾಲಾಗಲ್ಲ, ಅಜ್ಜಿ ಹೊರ್ತಿದ್ದ ಕುಂಭನ ನಾನು ಹೊರ್ತೀನಿ. ನೀವು ಹೆದರಿಸಿದಿರಿ ಅಂತಲ್ಲ. ಭಾನುವಾರ ಜೆಬಕ್ಕೂ ಹೋಗ್ತೀನಿ."

"ಬರ್ತೀಯ ತಾನೆ?"

"ಬತ್ತೀನಿ."

"ಕರ್ಪೂರ ಹಚ್ಚಿ ಸತ್ಯ ಮಾಡು."

"ಮಾಡಲ್ಲ. ಬತ್ತೀನಿ ಅಂದೆನಲ್ಲ, ಅಷ್ಟೇ. ನೀವು ಮುಂದೆ ನಡೀರಿ ಮಾವ, ನಾನು ಹಿಂದೆ ಇರ್ತೀನಿ."

ಬೇರೆ ಯಾರಿಗಾದರೂ ಅದು ಸಾಕಾಗುತ್ತಿತ್ತು. ಆರುಮುಗಂ ಅವರಿಗೆ ಸಾಕಾಗಲಿಲ್ಲ. ಅವತ್ತಿನಿಂದ ಅವರು ಪಟ್ಟ ಪಾಡು ನೋಡಿ ಬೀದಿಯ ನಾಯಿಗಳಿಗೂ ಬೇಸರವಾಗಿರಬೇಕು. ಸೊಸೆ ಮಾರ್ಕೆಟ್ಟಿಗೆ ಹೋದರೆ ಅವಳ ಸೀರೆ ಪೆಟ್ಟಿಗೆಯನ್ನು ತಡಕಿ ನೋಡಿದರು, ಊರಿಗೆ ಹೊರಡಲು ಬಟ್ಟೆ ಕಟ್ಟಿಟ್ಟಿದ್ದಾಳೋ ಎಂದು. ರಾಮಾಯಿಯನ್ನು ಕರೆದು, "ಅವಳು ಏನಾದ್ರೂ ಪ್ಲಾನ್ ಹಾಕಿದ್ರೆ ಹೇಳು, ಈ ವರ್ಷ ನಿನಗೆ ಬಾಡಿಗೆ ಏರಿಸಲ್ಲ" ಎಂದರು. ರಾಮಾಯಿ ಅದನ್ನು ನೇರವಾಗಿ ಈಶ್ವರಿಗೇ ಹೇಳಿದಳು. ಇಬ್ಬರೂ ನಲ್ಲಿಯ ಹತ್ತಿರ ನಿಂತು ಕೊಡ ತುಂಬಿ ಹರಿಯುವವರೆಗೆ ನಕ್ಕರು.

ಕೃತ್ತಿಕಾಳನ್ನೂ ಕೇಳಿದರು. "ನಿಮ್ಮಮ್ಮ ನಿಜವಾಗಿ ಬತ್ತಾಳಾ?"

"ಬತ್ತೀನಿ ಅಂದ್ರಲ್ಲ ತಾತ."

"ಅಂದ್ಲು. ಆದ್ರೆ ಬತ್ತಾಳಾ?"

"ನೀವು ಬೀದಿ ತುದೀಲಿ ಪಾಸ್ಟರ್ ಬೈಕ್ ನಿಂತಿದೆಯಾ ಅಂತ ದಿನಾ ನೋಡೋದನ್ನ ಬಿಟ್ರೆ, ಬತ್ತಾರೆ."

ವಿಜಯದಶಮಿ ಬಂತು. ಬೆಳಿಗ್ಗೆಯೇ ಈಶ್ವರಿ ತಲೆಗೆ ಸ್ನಾನ ಮಾಡಿ, ಹಳದಿ ಸೀರೆ ಉಟ್ಟು, ಮೊಳೆಯಲ್ಲಿದ್ದ ಕೊಲುಸು ತೆಗೆದು ಹಾಕಿಕೊಂಡಳು. ಪೆರಿಯನಾಯಕಿ ಕೂತಲ್ಲಿಂದಲೇ ಕುಂಭಕ್ಕೆ ಅರಿಶಿನ ಬಳಿದು, ಮಾವಿನೆಲೆ ಸಿಕ್ಕಿಸಿ, ಅವಳ ತಲೆಗೆ ಏರಿಸಿಕೊಟ್ಟರು. "ಭಾರ ಇದೆಯಾ?" ಎಂದರು. "ಇಲ್ಲಜ್ಜಿ," ಎಂದಳು. ಕುಮರೇಶನ್ ಫೋಟೊ ತೆಗೆದ. ಅವನಿಂದ ಆದ ಸಹಾಯ ಅದೇ.

ಆರುಮುಗಂ ಅವರು ಬರಿಮೈಯಲ್ಲಿ ಅಲಗು ಹಿಡಿದು ಮುಂದೆ ನಿಂತರು. ದೇವಸ್ಥಾನದ ಹಿರಿಯರಾದ ಪ್ರಭಾಕರನ್ ಬಂದು ಅವರ ಭುಜಕ್ಕೆ ಭಂಡಾರ ಹಚ್ಚಿ, "ನಡೀರಿ, ತಾಯಿ ಹಿಂದೆ ಇದಾಳೆ" ಎಂದರು. ಉರುಮಿ ಮೇಳ ಎದ್ದಿತು. "ತೆಗೆದುಕೋ ತಾಯೇ, ತೆಗೆದುಕೋ!" ಎಂದು ಬೀದಿ ತುಂಬ ಕೂಗು. ಆರುಮುಗಂ ಎದೆ ಕೆರೆದುಕೊಂಡರು. ಅವರ ಮುಖ ಮುಂದಿತ್ತು, ಕಿವಿ ಹಿಂದಿತ್ತು. ಮೇಳ ಉಸಿರು ತೆಗೆದುಕೊಂಡಾಗಲೆಲ್ಲ ಕೊಲುಸಿನ ಸದ್ದು ಕೇಳುತ್ತಿತ್ತು, ಆಗ ಅವರ ಎದೆ ಉಬ್ಬುತ್ತಿತ್ತು.

ಬೀದಿಯ ತಿರುವಿನಲ್ಲಿ ಹೆಂಗಸರು ಕೊಡಗಟ್ಟಲೆ ಅರಿಶಿನದ ನೀರು ಸುರಿಯುತ್ತಾರೆ. ಹಳೆಯ ಆ ಹೊಳೆಯ ನೆನಪಿಗೆ ಅದು. ಅಲ್ಲಿ ಮೇಳ ನಿಲ್ಲಿಸಬೇಕು, ಯಾರೂ ಮಾತಾಡಬಾರದು, ಅಲಗಿನವನು ಸುಮ್ಮನೆ ನೀರು ದಾಟಬೇಕು. ನಾನೂ ಒಂದು ಕೊಡ ಸುರಿದೆ. ಮೇಳ ನಿಂತಿತು. ತಿರುವಿನ ಟೀ ಅಂಗಡಿಯ ಪಕ್ಕದಲ್ಲಿ ಪಾಸ್ಟರ್ ವಸಂತಕುಮಾರ್ ಬೈಕಿಗೆ ಒರಗಿ ನಿಂತಿದ್ದರು, ಅವಳು ಹೊತ್ತಿದ್ದಾಳೋ ಇಲ್ಲವೋ ನೋಡಿಹೋಗಲು. ಆರುಮುಗಂ ಆ ಬಿಳಿ ಷರಟನ್ನು ಕಂಡರು. ನೀರಿಗೆ ಕಾಲಿಟ್ಟರು. ಹಿಂದೆ ಕೊಲುಸಿನ ಸದ್ದು ಒಂದೆರಡು ಸಲ ಕೇಳಿತು. ಆಮೇಲೆ ಕೇಳಲಿಲ್ಲ.

ನೆನೆದ ಸೀರೆಯ ಅಂಚು ಕಾಲಿಗೆ ಸುತ್ತಿಕೊಂಡರೆ ಯಾವ ಕೊಲುಸೂ ಸುಮ್ಮನಾಗುತ್ತದೆ. ಅದು ನಮ್ಮ ಬೀದಿಯ ಚಿಕ್ಕ ಹುಡುಗಿಗೂ ಗೊತ್ತು. ಆರುಮುಗಂ ಅವರಿಗೂ ಗೊತ್ತು. ಹುಟ್ಟಿದಾಗಿನಿಂದ ಅವರು ಕೇಳಿಕೊಂಡು ಬಂದ ಕಥೆಯೇ ಅದು. ಅವರು ತಿರುಗಿ ನೋಡಿದರು.

ಈಶ್ವರಿ ಕೈಯಳತೆಯ ದೂರದಲ್ಲಿದ್ದಳು. ತಲೆಯ ಮೇಲೆ ಕುಂಭ, ಎರಡೂ ಕೈ ಕುಂಭದ ಮೇಲೆ. ಮಾವನ ಕಣ್ಣಿಗೆ ಅವಳ ಕಣ್ಣು ನೇರವಾಗಿ ಸಿಕ್ಕಿತು.

ಪ್ರಭಾಕರನ್ ಮುಂದೆ ಬಂದು ಕೈ ಚಾಚಿದರು. "ತಿರುಗಿಬಿಟ್ಟಿರಲ್ಲ ಆರುಮುಗಂ."

"ಸದ್ದು ನಿಂತುಹೋಯ್ತು..."

"ಅವತ್ತೂ ನಮ್ಮೋರು ಅದನ್ನೇ ಹೇಳಿದ್ರು. ಅಲಗು ಕೊಡಿ."

ಕೊಡದೆ ವಿಧಿಯಿರಲಿಲ್ಲ. ಅಲಗು ಆರುಮುಗಂ ಅವರ ತಮ್ಮನ ಮನೆಗೆ, ಅವನ ಮಗ ಸತೀಶ್‌ಕುಮಾರ್ ಕೈಗೆ ಹೋಯಿತು. ಕುಂಭ ಮಾತ್ರ ಕೈ ಬದಲಾಯಿಸಲಿಲ್ಲ. "ತಾಯಿ ಇಳಿದಿಲ್ಲ, ಹಾಗೇ ನಡಿಯಮ್ಮ," ಎಂದರು ಪ್ರಭಾಕರನ್. ಈಶ್ವರಿ ಮಾವನ ಪಕ್ಕದಿಂದ ಹಾದು ಮುಂದೆ ನಡೆದಳು. ಆರುಮುಗಂ ಅರಿಶಿನದ ಕೆಸರಿನಲ್ಲಿ ಬರಿಗೈಯಲ್ಲಿ ನಿಂತಿದ್ದರು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಎಲೆ ಹಾಕಿದರು. ಪಾಯಸದ ಪರಿಮಳಕ್ಕೂ ಮಾತಿನ ಕಾವಿಗೂ ಗೋಡೆ ಸಾಲಲಿಲ್ಲ, ಎರಡೂ ಪಕ್ಕದ ನಮ್ಮ ಮನೆಗೆ ಬಂದವು.

"ಬೇಕಂತಲೇ ಮಾಡಿದಳು," ಎಂದು ಆರುಮುಗಂ ಕೂಗಾಡುತ್ತಿದ್ದರು. "ಬೇಕಂತಲೇ ನಿಂತುಬಿಟ್ಟಳು. ಆ ಪಾಸ್ಟರ್ ಹೇಳಿಕೊಟ್ಟಿದಾನೆ. ಮೂರು ತಲೆಮಾರಿನ ಅಲಗು! ಇವಳು ಇವತ್ತೇ ಮನೆ ಬಿಡಬೇಕು."

"ನಿಂತಿದ್ದು ಕೊಲುಸು ಕಣೋ," ಎಂದರು ಪೆರಿಯನಾಯಕಿ. "ಅವಳು ನಿಲ್ಲಲಿಲ್ಲ."

"ಅವ್ವ, ನೀನು ಸುಮ್ನಿರು."

"ಯಾಕ್ ಸುಮ್ನಿರಲಿ? ಬಂದ್ರೆ ಇರು ಅಂದೆ. ಬಂದ್ಲು. ಅವಳ ಮಾತು ಅವಳು ನಡೆಸಿದ್ಲು. ನಿನಗೆ ನಂಬಕ್ಕಾಗಲಿಲ್ಲ. ಎಲ್ಲಿಂದ ಆಗ್ತದೆ? ಹೆತ್ತೋಳು ಸತ್ತಿದ್ದನ್ನ ಮಗಳಿಂದ ಮುಚ್ಚಿಟ್ಟು ಪಾಯಸ ಮಾಡಿಸಿದವನು ನೀನು. ಮುಚ್ಚಿಡೋನಿಗೆ ಎಲ್ಲರೂ ಮುಚ್ಚಿಡ್ತಾವ್ರೆ ಅಂತಲೇ ಕಾಣೋದು. ಹೋದ ವರ್ಷ ಅಲಗು ಉಳಿಸಕ್ಕೆ ಅವಳಮ್ಮನ್ನ ಮುಚ್ಚಿಟ್ಟೆ. ಈ ವರ್ಷ ಅದೇ ಅಲಗು ಹೋಯ್ತು. ಯಾರು ಮನೆ ಬಿಡಬೇಕು ಹೇಳು?"

ಆರುಮುಗಂ ಮಗನ ಕಡೆ ನೋಡಿದರು. ಕುಮರೇಶನ್ ಎಲೆಯ ಮೇಲೆ ಕಣ್ಣಿಟ್ಟಿದ್ದ. ಈ ಸಲ ಅವನು ಪಾಯಸ ಕೇಳಲಿಲ್ಲ. "ಅವಳು ಎಲ್ಲೂ ಹೋಗಲ್ಲಪ್ಪ," ಎಂದ, ಅದೂ ಎಲೆಗೆ ಹೇಳಿದ ಹಾಗೆ. ನಮ್ಮ ಬೀದಿಯ ಲೆಕ್ಕದಲ್ಲಿ ಅದು ಅವನ ಇಡೀ ಜೀವಮಾನದ ಶೌರ್ಯ.

ಈಶ್ವರಿ ಎಲ್ಲರ ಎಲೆಗೂ ಅನ್ನ ಬಡಿಸಿದಳು. ಮಾವನ ಎಲೆಗೂ ಬಡಿಸಿದಳು. ಆಮೇಲೆ ಒಂದು ಎಲೆಯಲ್ಲಿ ವಡೆ, ಪಾಯಸ ಹಾಕಿ ಹಿತ್ತಲಿಗೆ ತೆಗೆದುಕೊಂಡು ಹೋಗಿ, ಬೇವಿನ ಮರದ ಕೆಳಗೆ ಇಟ್ಟು ನಿಂತಳು. ಹೋದ ವರ್ಷ ತಾಯಿಗೆ ಇಡಬೇಕಾಗಿದ್ದ ಎಲೆ ಅದು. ಕೃತ್ತಿಕಾ ಹೋಗಿ ಅವಳ ಪಕ್ಕದಲ್ಲಿ ನಿಂತಳು. ಯಾವ ದೇವರಿಗೆ ಕೈ ಮುಗಿದಳೆಂದು ನಾನು ಗೋಡೆಯ ಮೇಲಿಂದ ಕೇಳಲಿಲ್ಲ. ಅವಳು ಅತ್ತಳು. ಒಂದು ವರ್ಷದಲ್ಲಿ ಮೊದಲ ಸಲ ಸದ್ದು ಬರುವಂತೆ ಅತ್ತಳು.

ಮುಂದಿನ ಭಾನುವಾರ ಅವಳು ಕುಂಕುಮ ಇಟ್ಟುಕೊಂಡು, ಹೂವು ಮುಡಿದು, ಕೊಲುಸು ಹಾಕಿಕೊಂಡೇ ಜೆಬಕ್ಕೆ ಹೊರಟಳು. ಪಾಸ್ಟರ್ ಸೇರಿಸುತ್ತಾರೋ ಇಲ್ಲವೋ ಎಂದು ರಾಮಾಯಿಗೆ ಅನುಮಾನವಿತ್ತು. "ನನ್ನ ಕರೆದಿದ್ದು ಪಾಸ್ಟರ್ ಆಗಿದ್ರೆ ತಾನೆ ಅವರು ಬೇಡ ಅನ್ನೋದು," ಎಂದು ಈಶ್ವರಿ ಚಪ್ಪಲಿ ಮೆಟ್ಟಿದಳು. ಜಗಲಿಯಲ್ಲಿ ಆರುಮುಗಂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪೆರಿಯನಾಯಕಿ ಬಾಗಿಲಲ್ಲಿ ಕಾಲು ಚಾಚಿಕೊಂಡಿದ್ದರು.

"ಮಾವ, ಅನ್ನ, ಸಾರು, ಪಲ್ಯ ಎಲ್ಲ ಮಾಡಿ ಮುಚ್ಚಿಟ್ಟಿದೀನಿ. ಹಸಿವಾದ್ರೆ ಅಜ್ಜಿ ಬಡಿಸ್ತಾರೆ. ನಾನು ಮಧ್ಯಾಹ್ನ ಬತ್ತೀನಿ," ಎಂದಳು ಈಶ್ವರಿ.

ಕೊಲುಸಿನ ಸದ್ದು ಗೇಟು ದಾಟಿತು, ಸಾಲುಮನೆಗಳನ್ನು ದಾಟಿತು, ತಿರುವಿನಲ್ಲಿ ಸಣ್ಣದಾಗಿ ನಿಂತಿತು. ಆಗ ಆರುಮುಗಂ ಪೇಪರ್ ಮಡಚಿಟ್ಟು, ತಾಯಿಯ ಕಾಲು ದಾಟಿಕೊಂಡು ಅಡುಗೆಮನೆಗೆ ಹೋಗಿ, ಅವಳು ಹೇಳಿದ್ದೆಲ್ಲ ಇದೆಯೋ ಎಂದು ಪಾತ್ರೆಗಳ ಮುಚ್ಚಳವನ್ನು ಒಂದೊಂದಾಗಿ ತೆಗೆದು ನೋಡಿದರು.